ಆರು ತಿಂಗಳ ಗಡುವು

2025ರ ಮೇ 20ರಂದು ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ನಮ್ಮ ಸಭೆ ಸಮಾರಂಭಗಳಲ್ಲಿ ಒಂದು ಪ್ರಸಂಗ ಮತ್ತೆ ಮತ್ತೆ ಕೇಳಿ ಬಂತು. ಎಂಟು ವರ್ಷದ ಹುಡುಗಿಯನ್ನು ಶಿವಮೊಗ್ಗದ ಮಿಶನರಿ ಕನ್ನಡ ಶಾಲೆಗೆ ಸೇರಿಸಲು ಹೋದಾಗ ಒಂದು ಷರತ್ತು ಹಾಕಲಾಯಿತು. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು. ಹುಡುಗಿಗೆ ಆರು ತಿಂಗಳು ಬೇಕಾಗಲಿಲ್ಲ, ಕೆಲವೇ ದಿನಗಳಲ್ಲಿ ಬರೆಯತೊಡಗಿದಳು.

ಪ್ರಸಂಗ ನಿಜ, ಹೆಮ್ಮೆ ಪಡುವಂಥದ್ದೂ ಹೌದು. ಆದರೆ ಕತೆ ಬರೆಯುವವರಾದ ನಮಗೆ ಅದನ್ನು ಹೇಳುವ ರೀತಿಯ ಬಗ್ಗೆಯೇ ತಕರಾರಿದೆ. ಕೇಳಿದವರೆಲ್ಲ ಹುಡುಗಿಯ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತಾರೆ. ಷರತ್ತಿನ ಬಗ್ಗೆ ಯಾರೂ ಒಂದು ಮಾತು ಕೇಳುವುದಿಲ್ಲ. ಕನ್ನಡ ಕಲಿಸುವುದು ಶಾಲೆಯ ಕೆಲಸ ತಾನೆ? ಅದನ್ನು ಎಂಟು ವರ್ಷದ ಮಗುವಿನ ಹೆಗಲಿಗೆ ಹೊರಿಸಿ ಗಡುವು ಕೊಟ್ಟದ್ದು ನಮಗೆ ಸಹಜವಾಗಿ ಕಾಣುವುದೇಕೆ? ಆ ಕಾಲದ ಆ ಶಾಲೆಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಅದು ಮಗುವಿಗೆ ಬಾಗಿಲು ತೆರೆಯಿತು, ಅದೇ ದೊಡ್ಡದು. ನಾವು ಹೇಳುತ್ತಿರುವುದು ಇಂದಿನ ಕೇಳುಗರ ಬಗ್ಗೆ. ಗಡುವು ದಾಟಿದ ಮಗುವಿನ ಕತೆ ವೇದಿಕೆಗೆ ಬರುತ್ತದೆ, ದಾಟಲಾಗದ ಮಗುವಿಗೆ ಕತೆಯೇ ಇರುವುದಿಲ್ಲ. ಅದು ಗ್ಯಾರೇಜಿನಲ್ಲಿ, ಬೀಡಿ ಸೂಪಿನ ಮುಂದೆ, ಕಟ್ಟಡದ ಮರಳ ರಾಶಿಯ ಮೇಲೆ ಸಿಗುತ್ತದೆ. ಅದನ್ನು ಕೇಳಿದರೆ "ನನಗೆ ಓದು ಹತ್ತಲಿಲ್ಲ" ಎಂದು ತನ್ನ ಮೇಲೆಯೇ ತಪ್ಪು ಹೊರಿಸಿಕೊಳ್ಳುತ್ತದೆ.

ಮಗು ಶಾಲೆಗೆ ತರುವ ಭಾಷೆ ಯಾವುದು ಎಂಬುದನ್ನೇ ನಮ್ಮ ಶಾಲೆಗಳು ಸರಿಯಾಗಿ ಬರೆದುಕೊಳ್ಳುವುದಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ಸುಮಾರು 66. ಉರ್ದು ಎಂದು ಬರೆಸಿದವರು ಸುಮಾರು 66 ಲಕ್ಷ ಮಂದಿ, ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಆದರೆ ಈ 66 ಲಕ್ಷದಲ್ಲಿ ಬಹುಪಾಲು ಮನೆಗಳಲ್ಲಿ ಆಡುವುದು ಪುಸ್ತಕದ ಉರ್ದುವನ್ನಲ್ಲ, ದಖ್ಖನಿಯನ್ನು. ಮಗು 'ನಕ್ಕೊ' ಅನ್ನುತ್ತದೆ, ಪುಸ್ತಕದಲ್ಲಿ 'ನಹೀಂ' ಇರುತ್ತದೆ. ಮಗು 'ಕಾಯ್ಕು' ಎಂದು ಕೇಳುತ್ತದೆ, ಮಾಸ್ತರರು 'ಕ್ಯೂಂ' ಎಂದು ತಿದ್ದುತ್ತಾರೆ. ಮನೆಯಲ್ಲಿ 'ಕಿತಾಬಾಂ', ಶಾಲೆಯಲ್ಲಿ 'ಕಿತಾಬೇಂ'. ಹೀಗೆ ಉರ್ದು ಶಾಲೆಗೆ ಹೋದ ಮಗುವೂ ಮೊದಲ ದಿನವೇ ತನ್ನ ಮಾತು ತಪ್ಪು ಎಂದು ಕಲಿಯುತ್ತದೆ. ಅದೇ ಮಗು ಕನ್ನಡ ಶಾಲೆಗೆ ಹೋದರೆ ಆ ಮಾತು ಅಲ್ಲಿ ಇಲ್ಲವೇ ಇಲ್ಲ. ಕರಾವಳಿಯ ಬ್ಯಾರಿ ಮಗುವಿನದು ಇನ್ನೊಂದು ಪಾಡು. ಬೆಳಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ, ಹಗಲು ಶಾಲೆಯಲ್ಲಿ ಕನ್ನಡ ಅಕ್ಷರ, ಬೀದಿಯಲ್ಲಿ ತುಳು, ಮನೆಯಲ್ಲಿ ಬ್ಯಾರಿ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಸಂತೋಷ. ಆದರೆ ಒಂದನೆ ತರಗತಿಯ ಟೀಚರಿಗೆ ಬ್ಯಾರಿಯ ಇಪ್ಪತ್ತು ಪದ ಹೇಳಿಕೊಡುವ ಕೈಪಿಡಿಯೊಂದು ನಮ್ಮ ಕಣ್ಣಿಗೆ ಬಿದ್ದಿಲ್ಲ. ದಾಖಲಾತಿ ಪುಸ್ತಕದಲ್ಲಿ 'ಮಾತೃಭಾಷೆ' ಎಂಬ ಅಂಕಣವಿದೆ. ಅದರಲ್ಲಿ ಗುಮಾಸ್ತರಿಗೆ ತೋಚಿದ್ದು ಬೀಳುತ್ತದೆ. ಹೆಸರು ನೋಡಿ 'ಉರ್ದು' ಎಂದು ಬರೆಸಿಕೊಂಡ ಬ್ಯಾರಿ ಮಕ್ಕಳೂ ಇದ್ದಾರೆ.

ನಾವು ನಾಲ್ಕನೆ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಐದನೆಗೆ ಕನ್ನಡ ಶಾಲೆಗೆ ಬಂದವರು. ಅಲ್ಲಿ ಒಬ್ಬರು ಟೀಚರ್ ಇದ್ದರು. ಮುಸ್ಲಿಮ್ ಕೇರಿಯ ಪಕ್ಕದಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರಿಗೆ ದಖ್ಖನಿ ಅರ್ಥವಾಗುತ್ತಿತ್ತು. ನಾವು ಐದು ಮಂದಿ ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತಿದ್ದೆವು. ಅವರು ಪಾಠದ ಮಧ್ಯೆ "ಇದಕ್ಕೆ ನಿಮ್ಮ ಮನೇಲಿ ಏನಂತೀರೋ?" ಎಂದು ಕೇಳುತ್ತಿದ್ದರು. ನಾವು ಹೇಳಿದ ಪದವನ್ನು ಕನ್ನಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು ಅದರ ಪಕ್ಕ ಕನ್ನಡ ಪದ ಬರೆಯುತ್ತಿದ್ದರು. ಹಲಗೆಯ ಮೇಲೆ ನಮ್ಮ ಅಮ್ಮಿಯ ಮಾತು! ಕನ್ನಡ ಅಕ್ಷರಗಳು ನಮಗೆ ವಶವಾದದ್ದು ಹಾಗೆ. ಆ ಕೆಲಸಕ್ಕೆ ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ತರಬೇತಿಯನ್ನೂ ಕೊಟ್ಟಿರಲಿಲ್ಲ. ಮರುವರ್ಷ ಅವರಿಗೆ ವರ್ಗವಾಯಿತು. ಬದಲಿಗೆ ಬಂದ ಮಾಸ್ತರರು ಒಳ್ಳೆಯವರೇ, ಆದರೆ ಅವರಿಗೆ ನಮ್ಮ ಮಾತು ಬರುತ್ತಿರಲಿಲ್ಲ. ನಾವು ಐವರಲ್ಲಿ ಮೂವರು ಏಳನೆ ತರಗತಿ ದಾಟಲಿಲ್ಲ.

ಇದು ನಮ್ಮ ಬಾಲ್ಯದ ಮಾತಾಯಿತು. ಈಗ ನಮ್ಮ ಸರಕಾರಿ ಶಾಲೆಗಳ ಹಿಂದಿನ ಬೆಂಚಿನಲ್ಲಿ ಬೇರೆ ಮಕ್ಕಳೂ ಬಂದು ಕುಳಿತಿದ್ದಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಮ್, ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಕುಟುಂಬಗಳಿವೆ. ಬೆಂಗಳೂರಿನ ಅಂಚಿನ ಶೆಡ್ಡುಗಳಲ್ಲಿ ಬಿಹಾರ, ಒಡಿಶಾದವರಿದ್ದಾರೆ. ಕಸ ವಿಂಗಡಿಸುವ ಬಂಗಾಳಿ ಮುಸ್ಲಿಮರಿದ್ದಾರೆ, ಅವರ ಮಕ್ಕಳ ಭಾಷೆ ಕೇಳಿದೊಡನೆ 'ಬಾಂಗ್ಲಾದವರಾ?' ಎಂದು ಕೇಳುವವರೂ ಇದ್ದಾರೆ. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಗುಳೆ ಬಂದವರಂತೂ ನಮ್ಮದೇ ರಾಜ್ಯದವರು. ಆದರೆ ತಾಂಡಾದಿಂದ ಬಂದ ಮಗುವಿನ ಮನೆಮಾತು ಲಂಬಾಣಿ. ಆ ಮಗು ಸುಗ್ಗಿ ಮುಗಿದ ಮೇಲೆ ಒಂದು ಊರಿನ ಶಾಲೆ ಬಿಟ್ಟು, ಮಳೆ ಬರುವ ಹೊತ್ತಿಗೆ ಇನ್ನೊಂದು ಊರಿನ ಶಾಲೆಯನ್ನೂ ಬಿಟ್ಟಿರುತ್ತದೆ.

ಕಾನೂನು ಏನು ಹೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಮಕ್ಕಳ ಪರವಾಗಿಯೇ ಇದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಆದರೆ ಭಾಷೆಯ ಮಾತು ಬಂದಾಗ ಕಾಯ್ದೆಯ ದನಿ ಇಳಿಯುತ್ತದೆ. ಮಗುವಿನ ಮಾತೃಭಾಷೆಯಲ್ಲಿ ಬೋಧನೆ ಇರಬೇಕು, 'ಕಾರ್ಯಸಾಧ್ಯವಾದಷ್ಟು ಮಟ್ಟಿಗೆ'. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗಾಗಿ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ರಾಜ್ಯಗಳು 'ಪ್ರಯತ್ನಿಸಬೇಕು' ಎನ್ನುತ್ತದೆ. ಹಣವಿಲ್ಲದ ವರ್ಷ ಅಧಿಕಾರಿಗಳು ಬೆನ್ನು ತಿರುಗಿಸಲು ಇಷ್ಟು ಸಾಕು. ಪ್ರಯತ್ನಿಸಿದೆವು, ಸಾಧ್ಯವಾಗಲಿಲ್ಲ ಎಂದು ಬರೆದರೆ ಕಡತ ಮುಚ್ಚುತ್ತದೆ. ಹತ್ತು ವರ್ಷದ ಅಸ್ಸಾಮಿ ಮಗುವನ್ನು ವಯಸ್ಸು ನೋಡಿ ಐದನೆ ತರಗತಿಗೆ ಕೂರಿಸುವುದು ಸುಲಭ. ಕನ್ನಡದ ಒಂದಕ್ಷರ ಗೊತ್ತಿಲ್ಲದ ಅದರ ಮುಂದೆ ಐದನೆ ತರಗತಿಯ ವಿಜ್ಞಾನ ಪುಸ್ತಕ ಇಟ್ಟಮೇಲೆ ಏನು ಎಂಬುದಕ್ಕೆ ಉತ್ತರ ಇಲ್ಲ. ಹಾಜರಿ ಪುಸ್ತಕದಲ್ಲಿ ಮಗುವಿದೆ, ಬಿಸಿಯೂಟದ ಲೆಕ್ಕದಲ್ಲಿದೆ, ಪಾಠದಲ್ಲಿ ಇಲ್ಲ.

2018ರಲ್ಲಿ ಬಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು' ಚಿತ್ರವನ್ನು ಓದುಗರಲ್ಲಿ ಬಹಳ ಮಂದಿ ನೋಡಿರಬಹುದು. ಗಡಿಯ ಕನ್ನಡ ಶಾಲೆಗೆ ಕನ್ನಡವೇ ಬಾರದ ಮಲಯಾಳಿ ಮಾಸ್ತರರು ಬರುತ್ತಾರೆ, ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಚಿತ್ರಮಂದಿರದಲ್ಲಿ ಜನ ನಕ್ಕರು, ಸಿಟ್ಟಾದರು, ಅತ್ತರು. ಅದು ನ್ಯಾಯವಾದ ಸಿಟ್ಟು. ಮನೆಮಾತು ಮಲಯಾಳವಾದರೂ ಅದೇ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಓದಿ ಕನ್ನಡದ ದೊಡ್ಡ ಲೇಖಕಿಯಾದ ಸಾರಾ ಅಬೂಬಕ್ಕರ್ ಅವರನ್ನು ನೆನೆದರೆ ಆ ಶಾಲೆಗಳ ಬೆಲೆ ಏನೆಂದು ಗೊತ್ತಾಗುತ್ತದೆ. ಆದರೆ ಆ ಪಿಳಿಪಿಳಿ ಕಣ್ಣುಗಳು ಮಡಿಕೇರಿಯ ಶಾಲೆಯಲ್ಲೂ ಇವೆ, ಪೀಣ್ಯದ ಶಾಲೆಯಲ್ಲೂ ಇವೆ. ಅಲ್ಲಿ ನಮಗೆ ಸಿಟ್ಟು ಬರುವುದಿಲ್ಲ. ಕಾಸರಗೋಡಿನ ಕನ್ನಡಿಗರು ಆ ಮಣ್ಣಿನವರೇ, ವಲಸೆ ಬಂದವರ ಮಾತು ಬೇರೆ ಎಂದು ಕೆಲವರು ಹೇಳಬಹುದು. ವ್ಯತ್ಯಾಸ ಇದೆ, ಒಪ್ಪೋಣ. ಅಸ್ಸಾಮಿ ಮಗುವಿಗೆ ಕೊಡಗಿನಲ್ಲಿ ಅಸ್ಸಾಮಿ ಮಾಧ್ಯಮದ ಶಾಲೆ ತೆರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಆ ಮಗುವನ್ನು ಕನ್ನಡಕ್ಕೆ ಕೈ ಹಿಡಿದು ಕರೆತರುವ ಒಬ್ಬರನ್ನು ಕೊಡಿ ಎಂಬುದಷ್ಟೇ ಬೇಡಿಕೆ. ಕನ್ನಡಕ್ಕಾಗಿ ಹೋರಾಡುವವರಿಗೆ ಇದಕ್ಕಿಂತ ಸಲೀಸಾದ ಕೆಲಸ ಬೇರೆ ಯಾವುದಿದೆ? 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಅಂಗಡಿಗಳ ನಾಮಫಲಕದಲ್ಲಿ ನೂರಕ್ಕೆ 60 ಕನ್ನಡ ಇರಬೇಕೆಂದು ಬೀದಿಗಿಳಿದ ಸಂಘಟನೆಗಳು ಈ ಮಕ್ಕಳಿಗೆ ಕನ್ನಡ ಕಲಿಸುವ ಟೀಚರಿಗಾಗಿ ಬೀದಿಗಿಳಿದದ್ದನ್ನು ನಾವು ಕಂಡಿಲ್ಲ.

ಮಾಡಿದರೆ ಆಗುತ್ತದೆ ಎಂಬುದಕ್ಕೆ ಪಕ್ಕದ ಕೇರಳದಲ್ಲೇ ಉದಾಹರಣೆ ಇದೆ. ಎರ್ನಾಕುಲಂ ಜಿಲ್ಲಾಡಳಿತ 2017ರಲ್ಲಿ 'ರೋಶ್ನಿ' ಎಂಬ ಯೋಜನೆ ಶುರುಮಾಡಿತು. ಬಿನಾನಿಪುರಂ ಸರಕಾರಿ ಶಾಲೆಯಲ್ಲಿ ವಲಸೆ ಕಾರ್ಮಿಕರ ಮಕ್ಕಳ ಜೊತೆ ಮಾಡಿ ನೋಡಿದ ಪ್ರಯೋಗ ಅದರ ಬೇರು. ರೀತಿ ಸರಳ. ಶಾಲೆ ಶುರುವಾಗುವ ಮೊದಲು ವಿಶೇಷ ತರಗತಿ, ಮಕ್ಕಳಿಗೆ ಬೆಳಗಿನ ತಿಂಡಿ. ಹಿಂದಿ, ಬಂಗಾಳಿ, ಒಡಿಯಾ ಬಲ್ಲ ಸ್ವಯಂಸೇವಕರು ಮಗುವಿನ ಮಾತಿನಿಂದ ಶುರುಮಾಡಿ ಮೆಲ್ಲನೆ ಮಲಯಾಳಕ್ಕೆ ತರುತ್ತಾರೆ. ಎರಡು ಭಾಷೆ ಬೆರೆಸಿ ಮಾತಾಡುವುದು ಅಲ್ಲಿ ತಪ್ಪಲ್ಲ, ಅದೇ ಪಾಠದ ದಾರಿ. ನಮ್ಮ ಐದನೆ ತರಗತಿಯ ಟೀಚರ್ ಹಲಗೆಯ ಮೇಲೆ ಮಾಡುತ್ತಿದ್ದುದೂ ಇದನ್ನೇ. ಮಕ್ಕಳು ಉಳಿದರು, ಯೋಜನೆ ಜಿಲ್ಲೆಯ ಬೇರೆ ಶಾಲೆಗಳಿಗೂ ಹಬ್ಬಿತು.

ಆದರೆ ಇದರ ಖರ್ಚು ಎಲ್ಲಿಂದ ಬಂತು ಎಂಬುದನ್ನು ಗಮನಿಸಬೇಕು. ಕೊಚ್ಚಿಯಲ್ಲಿ ಸಂಸ್ಕರಣಾಗಾರ ಇರುವ ಭಾರತ್ ಪೆಟ್ರೋಲಿಯಂ ಸಂಸ್ಥೆಯ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ. ಕೊಟ್ಟ ಸಂಸ್ಥೆಗೆ ಧನ್ಯವಾದ ಹೇಳಲೇಬೇಕು. ಹಾಗೆಂದು ಒಂದು ಪ್ರಶ್ನೆ ಕೇಳದೆ ಬಿಡುವಂತಿಲ್ಲ. ಅದೇ ಶಾಲೆಯ ಗಣಿತದ ಟೀಚರಿಗೆ ಸಂಬಳ ಕೊಡಲು ಸರಕಾರ ಯಾವುದಾದರೂ ಕಂಪೆನಿಯ ಬಾಗಿಲು ತಟ್ಟುತ್ತದೆಯೆ? ಗಣಿತದ್ದು ಹುದ್ದೆ. ಭಾಷೆಯ ಸೇತುವೆ ಕಟ್ಟುವವರದ್ದು ಯೋಜನೆ. ಹುದ್ದೆಗೆ ಮಂಜೂರಾತಿ, ಬಡ್ತಿ, ನಿವೃತ್ತಿ ಇರುತ್ತದೆ. ಯೋಜನೆಗೆ ಅವಧಿ ಇರುತ್ತದೆ, ವರದಿ ಇರುತ್ತದೆ, ಉದ್ಘಾಟನೆಯ ಫೋಟೋ ಇರುತ್ತದೆ. ಹಣ ಕಡಿಮೆಯಾದ ವರ್ಷ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಎಂದು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ವಲಸೆ ಮಕ್ಕಳ ವಿಶೇಷ ತರಬೇತಿ, ಗುಳೆ ಕಾಲದ ವಸತಿ ಕೇಂದ್ರ, ಸಾರಿಗೆ ಭತ್ಯೆ ಇವೆಲ್ಲ 2018ರಿಂದ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿವೆ. ನಮ್ಮಂಥ ರಾಜ್ಯಗಳಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಕೇಂದ್ರ ತನ್ನ ಪಾಲನ್ನು ತಡೆಹಿಡಿದರೆ? ಹಾಗೆ ಆಗಿದೆ. ಪಿಎಂ ಶ್ರೀ ಶಾಲೆಗಳ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂದು 2024-25ರಲ್ಲಿ ತಮಿಳುನಾಡಿನ 2,152 ಕೋಟಿ ರೂಪಾಯಿ, ಕೇರಳದ 859 ಕೋಟಿಗೂ ಹೆಚ್ಚು, ಪಶ್ಚಿಮ ಬಂಗಾಳದ ಸಾವಿರ ಕೋಟಿಗೂ ಹೆಚ್ಚು ಹಣ ನಿಂತಿತ್ತು ಎಂಬುದು ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯಲ್ಲೇ ಬಂದ ಲೆಕ್ಕ. ತಮಿಳುನಾಡು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅಲ್ಲಿನ ಜಗಳದ ಒಂದು ಎಳೆ ತ್ರಿಭಾಷಾ ಸೂತ್ರ. ದೊಡ್ಡವರ ಭಾಷಾ ಜಗಳಕ್ಕೆ ಮಕ್ಕಳ ಶಾಲೆಯ ಹಣ ಒತ್ತೆಯಾಯಿತು. ಇನ್ನೊಂದನ್ನೂ ನೆನಪಿಡೋಣ. 2022ರ ನವೆಂಬರ್‌ನಲ್ಲಿ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು ಒಂದರಿಂದ ಎಂಟನೆ ತರಗತಿಯವರೆಗೆ ನಿಲ್ಲಿಸಲಾಯಿತು. ಆ ತರಗತಿಗಳ ಶಿಕ್ಷಣ ಕಾಯ್ದೆಯ ಪ್ರಕಾರ ಉಚಿತವಾಗಿಯೇ ಸಿಗುತ್ತದೆ ಎಂಬುದು ಕೊಟ್ಟ ಕಾರಣ. ಹಕ್ಕನ್ನು ತೋರಿಸಿಯೇ ಸವಲತ್ತು ಕಿತ್ತುಕೊಳ್ಳುವ ಈ ಜಾಣ್ಮೆಗೆ ಯಾವ ಹೆಸರಿಡಬೇಕೋ ತಿಳಿಯದು.

ಇದು ಬಡ ದೇಶದ ಕಾಯಿಲೆ ಎಂದು ತಿಳಿದವರು ಅಮೆರಿಕದ ಕಡೆ ನೋಡಬಹುದು. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಮನೆಮಾತು ಬೇರೆಯಾಗಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು 50 ಲಕ್ಷಕ್ಕೂ ಹೆಚ್ಚು. ಅವರಿಗೆಂದೇ ಕೇಂದ್ರ ಸರಕಾರ ಕೊಡುವ ಹಣ ವರ್ಷಕ್ಕೆ ಸುಮಾರು 89 ಕೋಟಿ ಡಾಲರ್, ಅಂದರೆ ಮಗುವೊಂದಕ್ಕೆ 200 ಡಾಲರಿಗೂ ಕಡಿಮೆ. ಊರೂರು ಅಲೆಯುವ ಕೃಷಿ ಕೂಲಿಗಳ ಮಕ್ಕಳಿಗೆ ಬೇರೆಯೇ ಸುಮಾರು 37 ಕೋಟಿ ಡಾಲರ್ ಇದೆ. 2025ರ ಜುಲೈ 1ರಂದು ರಾಜ್ಯಗಳಿಗೆ ತಲಪಬೇಕಾಗಿದ್ದ ಈ ಹಣವೂ ಸೇರಿ ಸುಮಾರು 680 ಕೋಟಿ ಡಾಲರನ್ನು ಹಿಂದಿನ ದಿನ ಒಂದು ಸಂದೇಶ ಕಳಿಸಿ ತಡೆಹಿಡಿಯಲಾಯಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಕೋರ್ಟಿಗೆ ಹೋದವು. ಆ ತಿಂಗಳ ಕೊನೆಗೆ ಹಣ ಬಿಡುಗಡೆಯಾಯಿತು. ಅಷ್ಟರಲ್ಲಿ ಹೊಸ ಶಾಲಾ ವರ್ಷ ಬಾಗಿಲಲ್ಲಿತ್ತು. 2026ರ ಬಜೆಟ್ ಪ್ರಸ್ತಾವದಲ್ಲಂತೂ ಅಧ್ಯಕ್ಷರ ಕಚೇರಿ ಈ ಎರಡೂ ಬಾಬ್ತುಗಳನ್ನು ತೆಗೆದೇ ಹಾಕಲು ಹೊರಟಿತ್ತು.

ಆದರೂ ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ, ನಮಗೆ ಬೇಕಾದುದು ಅದೇ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮನೆಮಾತಿನ ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಮಾತು ಸ್ಪಷ್ಟಪಡಿಸಿತು. ಇಂಗ್ಲಿಷ್ ಬಾರದ ಮಗುವಿಗೂ ಬರುವ ಮಗುವಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟರೆ ಅದು ಸಮಾನತೆ ಅಲ್ಲ. ಸುಮಾರು 1,800 ಮಕ್ಕಳು ಯಾವ ಸಹಾಯವೂ ಇಲ್ಲದೆ ಅಲ್ಲಿ ಕುಳಿತಿದ್ದರು. ಅಂದಿನಿಂದ ಸಹಾಯ ಕೊಡುವುದು ಅಲ್ಲಿನ ಶಾಲೆಗಳ ಮೇಲಿನ ಕಾನೂನಿನ ಹೊಣೆಯಾಯಿತು. ಕೇಂದ್ರದ ಹಣ ಬಂದರೂ ಬಾರದಿದ್ದರೂ ಹೊಣೆ ಹೋಗದು. 2025ರ ಆಗಸ್ಟಿನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಈ ಹೊಣೆಯನ್ನು ವಿವರಿಸುತ್ತಿದ್ದ 2015ರ ಮಾರ್ಗಸೂಚಿಯನ್ನು ಹಿಂತೆಗೆದುಕೊಂಡಿತು, ಆದರೆ ತೀರ್ಪನ್ನು ಹಿಂತೆಗೆದುಕೊಳ್ಳಲು ಇಲಾಖೆಗೆ ಬರುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಹಣವೂ ಯೋಜನೆಯದು, ಹೊಣೆಯೂ 'ಕಾರ್ಯಸಾಧ್ಯವಾದಷ್ಟು'. ಎರಡೂ ಒಟ್ಟಿಗೆ ಕೈಕೊಡುತ್ತವೆ.

ಭಾಷೆಯ ಬಗ್ಗೆ ನಮ್ಮ ನ್ಯಾಯಾಲಯಗಳಲ್ಲಿ ನಡೆದ ದೊಡ್ಡ ಮೊಕದ್ದಮೆಗಳನ್ನು ನೋಡಿದರೂ ಇದು ಕಾಣುತ್ತದೆ. 1994ರ ಮಾತೃಭಾಷಾ ಮಾಧ್ಯಮದ ಆದೇಶದಿಂದ 2014ರ ಮೇ ತಿಂಗಳ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಇಪ್ಪತ್ತು ವರ್ಷ ನಾವು ವಾದಿಸಿದ್ದು ಒಂದನ್ನೇ. ಮಾಧ್ಯಮ ಕನ್ನಡವೋ ಇಂಗ್ಲಿಷೋ? ಖಾಸಗಿ ಶಾಲೆಗಳು ಗೆದ್ದವು. ತನಗೆ ಗೊತ್ತಿಲ್ಲದ ಮಾಧ್ಯಮದಲ್ಲಿ, ಅದು ಕನ್ನಡವೇ ಇರಲಿ, ಕುಳಿತ ಮಗುವಿಗೆ ಏನು ಸಹಾಯ ಎಂಬುದು ಆ ವಾದದ ಕೇಂದ್ರಕ್ಕೆ ಬರಲೇ ಇಲ್ಲ. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ಕೊಟ್ಟ ವರದಿ ಐದನೆ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮವಾಗಬೇಕು ಎಂದಿದೆ. ಒಳ್ಳೆಯದೇ. ಆದರೆ ಆ 'ಅಥವಾ' ಎಂಬ ಪದದ ಹಿಂದೆ ಎಷ್ಟು ಟೀಚರುಗಳ ಸಂಬಳ ಇದೆ ಎಂಬುದನ್ನು ಬಜೆಟ್ಟಿನಲ್ಲಿ ಹುಡುಕಬೇಕು.

ನಮ್ಮ ಸಮುದಾಯದ ಮುಖಂಡರ ಬಗ್ಗೆಯೂ ಹೇಳದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾದೀತು. ಉರ್ದುವಿನ ಉಳಿವಿಗಾಗಿ ಮುಶಾಯಿರಾ ನಡೆಸುವ ಅಂಜುಮನ್‌ಗಳ ಪದಾಧಿಕಾರಿಗಳಲ್ಲಿ ತಮ್ಮ ಮಕ್ಕಳನ್ನು ಸರಕಾರಿ ಉರ್ದು ಶಾಲೆಗೆ ಕಳಿಸಿದವರು ಎಷ್ಟು ಮಂದಿ? ಉರ್ದು ಶಾಲೆಗಳು ಬಡವರ ಶಾಲೆಗಳಾಗಿ ಉಳಿದಿವೆ, ಅಲ್ಲಿ ಕನ್ನಡ ಸಾಮಾನ್ಯವಾಗಿ ಮೂರನೆ ಭಾಷೆ. ಹತ್ತನೆ ತರಗತಿ ಮುಗಿಸಿದ ಹುಡುಗನಿಗೆ ತಾಲೂಕು ಕಚೇರಿಯಲ್ಲಿ ಒಂದು ಅರ್ಜಿ ತುಂಬಲು ಬಾರದು. ಆಗ ಕನ್ನಡದವರು ಅವನಿಗೆ ನಾಡಿನ ಮೇಲೆ ಅಭಿಮಾನವಿಲ್ಲ ಎನ್ನುತ್ತಾರೆ, ನಮ್ಮವರು ಅವನಿಗೆ ಕಲಿಯುವ ಮನಸ್ಸಿಲ್ಲ ಎನ್ನುತ್ತಾರೆ. ಉರ್ದು ಶಾಲೆಗೆ ಸಮರ್ಥ ಕನ್ನಡ ಟೀಚರ್ ಬೇಕು ಎಂದು ಮನವಿ ಹಿಡಿದು ಹೋದವರು ಈ ಇಬ್ಬರಲ್ಲೂ ಕಡಿಮೆ. ಬೆಂಗಳೂರಿನ ಬಂಗಾಳಿ ಮುಸ್ಲಿಮ್ ಮಕ್ಕಳ ವಿಷಯದಲ್ಲಂತೂ ನಮ್ಮ ಬಹಳಷ್ಟು ಸಂಸ್ಥೆಗಳು ರಮಝಾನಿನ ಕಿಟ್ ಕೊಟ್ಟು ಕೈತೊಳೆದುಕೊಳ್ಳುತ್ತವೆ.

ಬೇಕಾದುದು ದೊಡ್ಡದೇನೂ ಅಲ್ಲ. ಇಂಥ ಮಕ್ಕಳು ಹೆಚ್ಚಿರುವ ಪ್ರತಿ ಕ್ಲಸ್ಟರಿಗೆ ಒಂದು ಕಾಯಂ ಹುದ್ದೆ, ಅದು ರಾಜ್ಯದ ಸಂಬಳದ ಪಟ್ಟಿಯಲ್ಲಿರಬೇಕು, ಯೋಜನೆಯ ಪಟ್ಟಿಯಲ್ಲಲ್ಲ. ದಖ್ಖನಿ ಬಲ್ಲ ಡಿ.ಎಡ್. ಓದಿದ ಹೆಣ್ಣುಮಕ್ಕಳು ನಮ್ಮ ಕೇರಿಗಳಲ್ಲಿ ಕೆಲಸವಿಲ್ಲದೆ ಕುಳಿತಿದ್ದಾರೆ. ತಾಂಡಾಗಳಲ್ಲಿ ಲಂಬಾಣಿ ಬಲ್ಲ ಪದವೀಧರರಿದ್ದಾರೆ. ಲೈನ್ ಮನೆಯಲ್ಲೂ ಅಷ್ಟಿಷ್ಟು ಓದಿದ, ನಾಲ್ಕಾರು ವರ್ಷದಲ್ಲಿ ಕನ್ನಡ ಕಲಿತ ತಾಯಿಯೊಬ್ಬಳು ಸಿಗಬಹುದು, ಟೀಚರಿನ ಪಕ್ಕ ನಿಂತು ಮಾತು ತಿರುಗಿಸಲು ಅವಳು ಸಾಕು. ಹತ್ತು ತಿಂಗಳಿಗೆ ನೇಮಿಸಿ ಏಪ್ರಿಲಿನಲ್ಲಿ ಮನೆಗೆ ಕಳಿಸುವ ಅತಿಥಿ ಶಿಕ್ಷಕರಿಂದ ಇದು ಆಗದು. ಮಗುವಿನ ಮಾತು ಅವರ ಕಿವಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರ ಅವಧಿ ಮುಗಿದಿರುತ್ತದೆ.

ಹುದ್ದೆ ಕೇಳಲು ಮೊದಲು ಲೆಕ್ಕ ಬೇಕು. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯ್ದೆ ಹೇಳುತ್ತದೆ. ಈ ಪತ್ರಿಕೆಯ ಓದುಗರಲ್ಲಿ ಅಂಥ ಸದಸ್ಯರು ಇದ್ದೇ ಇರುತ್ತಾರೆ. ಜೂನಿನ ಸಭೆಯಲ್ಲಿ ಅವರು ಹೆಡ್‌ಮಾಸ್ಟರರಿಂದ ದಾಖಲಾತಿ ಪುಸ್ತಕ ಕೇಳಿ ಪಡೆದು, ಮಾತೃಭಾಷೆಯ ಅಂಕಣವನ್ನು ಪೋಷಕರ ಎದುರಿನಲ್ಲೇ ತಿದ್ದಿಸಲಿ. ದಖ್ಖನಿ ಇದ್ದಲ್ಲಿ ದಖ್ಖನಿ, ಬ್ಯಾರಿ ಇದ್ದಲ್ಲಿ ಬ್ಯಾರಿ, ಲಂಬಾಣಿ ಇದ್ದಲ್ಲಿ ಲಂಬಾಣಿ ಎಂದೇ ಬರೆಸಲಿ. ಅದರ ಒಂದು ಪ್ರತಿಯನ್ನು ಸಮಿತಿಯ ಠರಾವಿನ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಲಿ.